ಕನ್ನಂಬಾಡಿಯ ದೀಪಗಳು, ನಮ್ಮಂಗಳದ ಮಳೆ



ಈ ಪುಟಗಳಲ್ಲಿ ನಾವು ಸಾಮಾನ್ಯವಾಗಿ ಬರೆಯುವುದು ಗೊಬ್ಬರದ ಸರಬರಾಜು, ಸಾಲದ ಕಂತು, ಕಾಂಡಕೊರಕ, ಕೊಳೆರೋಗ ಇವುಗಳ ವಿಚಾರ. ಈ ಸಲ ಅವುಗಳಿಗೆ ಒಂದು ದಿನದ ರಜೆ ಕೊಟ್ಟು ಪ್ರವಾಸದ ವಿಷಯ ಬರೆಯುತ್ತಿದ್ದೇವೆ. ಕಾರಣವಿದೆ. ಕಳೆದ ತಿಂಗಳು ಸಂಘದ ಕಚೇರಿಗೆ ಗೊಬ್ಬರದ ಬೇಡಿಕೆ ಬರೆಸಲು ಬಂದಿದ್ದ ಹಿರಿಯ ಸದಸ್ಯರೊಬ್ಬರು, "ಕಾರ್ಯದರ್ಶಿಗಳೇ, ಮೂವತ್ತು ವರ್ಷದಿಂದ ತೋಟ ಬಿಟ್ಟು ಒಂದು ರಾತ್ರಿ ಹೊರಗೆ ಮಲಗಿದವನಲ್ಲ ನಾನು" ಎಂದು ಹೆಮ್ಮೆಯಿಂದ ಹೇಳಿದರು. ಕಾಫಿ ಕುಡಿದು ಲೋಟ ಕೆಳಗಿಡುತ್ತ, "ಮಕ್ಕಳು ಬಂದರೆ ಎರಡು ದಿನ, ಮೂರನೇ ದಿನ ನಿಲ್ಲೋದಿಲ್ಲ" ಎಂದರು. ಈ ಎರಡು ಮಾತುಗಳಿಗೂ ಒಂದಕ್ಕೊಂದು ಸಂಬಂಧವಿದೆ ಎಂದು ಅವರಿಗೆ ತೋರಿದಂತಿರಲಿಲ್ಲ. ನಮಗೆ ತೋರಿತು. ಅವರು ಹೋದ ಮೇಲೆ ನಮ್ಮ ಮನಸ್ಸು ಕನ್ನಂಬಾಡಿಯ ಕಡೆಗೆ ಹೊರಟಿತು.

ಕೃಷ್ಣರಾಜಸಾಗರ, ಕೆ.ಆರ್.ಎಸ್. ಎಂದು ಈಗ ಎಲ್ಲರೂ ಹೇಳುತ್ತಾರೆ. ನಮ್ಮ ತಂದೆಯವರ ಬಾಯಲ್ಲಿ ಅದು ಕಡೆಯವರೆಗೂ ಕನ್ನಂಬಾಡಿ ಕಟ್ಟೆಯೇ. ಅದರ ಕೆಳಗಿನ ಬೃಂದಾವನ ಉದ್ಯಾನಕ್ಕೆ ನಮ್ಮ ಮನೆಯವರು ಹೋಗಲು ಆರಂಭಿಸಿ ನಲವತ್ತು ವರ್ಷ ದಾಟಿದೆ. ಊಟಿಗೆ ಒಮ್ಮೆ ಹೋಗಿದ್ದೇವೆ, ಜೋಗಕ್ಕೆ ಎರಡು ಸಲ. ಆದರೆ ಮತ್ತೆ ಮತ್ತೆ ಹೋದದ್ದು ಇಲ್ಲಿಗೇ.

ಮೊದಲ ಸಲ

1979ರ ಏಪ್ರಿಲ್. ನಮಗಾಗ ಒಂಬತ್ತು ವರ್ಷ, ತಂಗಿಗೆ ಐದು. ಸಕಲೇಶಪುರದ ಆಚೆ ನಮ್ಮದು ಎಂಟು ಎಕರೆ: ಏರಿನಲ್ಲಿ ಕಾಫಿ, ತಗ್ಗಿನಲ್ಲಿ ಅಡಿಕೆ. ಆ ಕಾಲದಲ್ಲಿ ಕಾಫಿಯನ್ನು ಬೆಳೆಗಾರ ತಾನೇ ಮಾರುವಂತಿರಲಿಲ್ಲ. ಬೆಳೆಯನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕು, ಹಣ ಕಂತು ಕಂತಾಗಿ ಬರಬೇಕು. ಹೂಮಳೆಗೆ ಕಾದಂತೆ ಆ ಕಂತಿಗೂ ಕಾಯುವುದು ನಮ್ಮ ಹಿರಿಯರಿಗೆ ರೂಢಿಯಾಗಿತ್ತು. ಆ ವರ್ಷ ಹೂಮಳೆಯೂ ಸಕಾಲಕ್ಕೆ ಬಂತು, ಕಂತೂ ಬಂತು. ಅಂಗಡಿ ಬಾಕಿ, ಗೊಬ್ಬರದ ಬಾಕಿ, ಆಳುಗಳ ಬಟವಾಡೆ ಎಲ್ಲ ಕಳೆದು ಉಳಿದ ನೋಟುಗಳನ್ನು ತಂದೆಯವರು ಎರಡು ಸಲ ಎಣಿಸಿ, "ನಾಳಿದ್ದು ಕನ್ನಂಬಾಡಿಗೆ ಹೊರಡೋಣ" ಎಂದರು. ಅವ್ವ ನಂಬಲಿಲ್ಲ. ಅಕ್ಕಿ ರೊಟ್ಟಿ, ಚಟ್ನಿಪುಡಿ ಕಟ್ಟಿಕೊಂಡು ಬಸ್ಸಿನಲ್ಲಿ ಕುಳಿತ ಮೇಲೂ ಪೂರ್ತಿ ನಂಬಿರಲಿಲ್ಲ.

ಸಕಲೇಶಪುರದ ಸೇತುವೆಯ ಮೇಲೆ ಬಸ್ಸು ಬಂದಾಗ ತಂದೆಯವರು ಕಿಟಕಿಯಿಂದ ಹೇಮಾವತಿಯನ್ನು ತೋರಿಸಿ, "ಎಣಿಸ್ಕೋ, ಒಂದು" ಎಂದರು. ಹಾಸನ ದಾಟಿ ಹೊಳೆನರಸೀಪುರದಲ್ಲಿ ಮತ್ತೆ ಅದೇ ಹೊಳೆ. "ಎರಡು." ಮೂರನೆಯದು ಎಲ್ಲಿ ಎಂದು ಕೇಳಿದರೆ ಹೇಳಲಿಲ್ಲ. ಮರುದಿನ ಕನ್ನಂಬಾಡಿಯಲ್ಲಿ, ಕಟ್ಟೆಯ ಹಿಂದೆ ಕಣ್ಣು ಹಾಯುವಷ್ಟೂ ಹರಡಿದ್ದ ನೀರನ್ನು ತೋರಿಸಿ, "ಮೂರು" ಎಂದರು. "ನಮ್ಮ ಹಳ್ಳ ಹೇಮಾವತಿಗೆ ಸೇರುತ್ತೆ. ಹೇಮಾವತಿ ಈ ಹಿನ್ನೀರಲ್ಲಿ ಕಾವೇರಿಗೆ ಸೇರುತ್ತೆ. ಹೋದ ಆಷಾಢದಲ್ಲಿ ನಮ್ಮಂಗಳದಲ್ಲಿ ಬಿದ್ದ ನೀರು ಕಣೋ ಇದು. ನಮಗಿಂತ ಮುಂಚೆನೇ ಬಂದು ಕೂತಿದೆ."

ಸಂಜೆ ಉದ್ಯಾನದಲ್ಲಿ ದೀಪ ಹೊತ್ತಿದವು. ಈಗಿನ ಮಕ್ಕಳಿಗೆ ಇದರ ಬೆಲೆ ತಿಳಿಯುವುದು ಕಷ್ಟ. ನಮ್ಮ ಮನೆಗೆ ಆಗ ವಿದ್ಯುತ್ ಬಂದಿರಲಿಲ್ಲ. ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲಿ ಓದಿದ ಕಣ್ಣುಗಳು ನಮ್ಮವು. ಮೆಟ್ಟಿಲು ಮೆಟ್ಟಿಲಾಗಿ ಇಳಿದ ತೋಟ, ಅದರ ನಡುವೆ ಹರಿಯುವ ನೀರು, ಆ ನೀರಿಗೆ ಕೆಂಪು, ಹಸಿರು, ಹಳದಿ ಬಣ್ಣ. ತಂಗಿ ಅವ್ವನ ಸೆರಗಿನೊಳಗೆ ಮುಖ ಮುಚ್ಚಿಕೊಂಡಳು. ಅವ್ವ ಬಹಳ ಹೊತ್ತು ಸುಮ್ಮನೆ ನೋಡಿ, "ಇಷ್ಟು ದೀಪಕ್ಕೆ ದಿನಾ ಎಣ್ಣೆ ಹಾಕೋರು ಯಾರ್ರೀ?" ಎಂದು ಕೇಳಿದರು. ತಂದೆಯವರು ನಕ್ಕದ್ದು ಆ ಪ್ರವಾಸದಲ್ಲಿ ಅದೊಂದೇ ಸಲ ಎಂದು ನೆನಪು. ಉಳಿದ ಹೊತ್ತೆಲ್ಲ ಅವರಿಗೆ ಮನೆಯಲ್ಲಿ ಬಿಟ್ಟುಬಂದ ಹಸುವಿನದೇ ಚಿಂತೆ.

ಕಟ್ಟೆಯ ಕಥೆ

ಪ್ರತಿ ಸಲವೂ ಕಟ್ಟೆಯ ಕಥೆಯನ್ನು ತಂದೆಯವರು ಹೇಳುವರು, ಈಗ ನಾವು ಹೇಳುತ್ತೇವೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ಮುಖ್ಯ ಇಂಜಿನಿಯರಾಗಿದ್ದಾಗ, 1911ರಲ್ಲಿ ಕೆಲಸ ಆರಂಭವಾಯಿತು. ಮುಗಿಯಲು ಇಪ್ಪತ್ತು ವರ್ಷ ಹಿಡಿಯಿತು. ಸುಮಾರು 8,600 ಅಡಿ ಉದ್ದ, 130 ಅಡಿ ಎತ್ತರದ ಈ ಕಲ್ಲಿನ ಕಟ್ಟೆಗೆ ಹಾಕಿದ್ದು ಸುರ್ಕಿ ಗಾರೆ, ಅಂದರೆ ಇಟ್ಟಿಗೆ ಪುಡಿ ಮತ್ತು ಸುಣ್ಣ. ಶಿವನಸಮುದ್ರದ ವಿದ್ಯುತ್ ಕೇಂದ್ರಕ್ಕೆ ಬೇಸಿಗೆಯಲ್ಲೂ ನೀರು ಸಿಗಬೇಕು, ಮಂಡ್ಯದ ಬಯಲಿಗೆ ಕಾಲುವೆ ಹರಿಯಬೇಕು ಎಂಬುದು ಉದ್ದೇಶ. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರು ಕಾಶ್ಮೀರದ ಮೊಗಲ್ ತೋಟಗಳ ಮಾದರಿಯನ್ನು ಮನಸ್ಸಿನಲ್ಲಿಟ್ಟು ಕಟ್ಟೆಯ ಬುಡದ ಸುಮಾರು 60 ಎಕರೆಯಲ್ಲಿ ಉದ್ಯಾನ ಮಾಡಿಸಿದರು. 1932ರ ವೇಳೆಗೆ ಅದು ಸಿದ್ಧವಾಯಿತು. ಕಟ್ಟೆಗೆ ಹೆಸರು ಕೊಟ್ಟ ಕನ್ನಂಬಾಡಿ ಎಂಬ ಊರು ಮಾತ್ರ ನೀರಿನಡಿ ಹೋಯಿತು. ಮುಳುಗಿದವರ ಹೆಸರನ್ನು ಹೇಳಿಯೇ ಕಟ್ಟೆಯನ್ನು ಕರೆಯಬೇಕು ಎಂಬುದು ತಂದೆಯವರ ಹಟ.

ಮೊದಲ ಪ್ರವಾಸದಿಂದ ಬಂದ ಮೇಲೆ ಅವರು ಒಂದು ಮಳೆಮಾಪಕ ಕೊಂಡು ಅಂಗಳದಲ್ಲಿ ನೆಟ್ಟರು. ಅಂದಿನಿಂದ ಪ್ರತಿ ಮಳೆಗಾಲವೂ ಡೈರಿಯಲ್ಲಿ ಎರಡು ಲೆಕ್ಕ: ಎಡಕ್ಕೆ ನಮ್ಮ ಮಳೆ ಇಂಚಿನಲ್ಲಿ, ಬಲಕ್ಕೆ ಪತ್ರಿಕೆಯಲ್ಲಿ ಕಂಡ ಕನ್ನಂಬಾಡಿಯ ಮಟ್ಟ ಅಡಿಯಲ್ಲಿ. ಮಟ್ಟ 124.80 ಅಡಿ ಮುಟ್ಟಿ ಕಟ್ಟೆ ತುಂಬಿದ ದಿನ ಮನೆಯಲ್ಲಿ ಪಾಯಸ.

ಕಳೆದುಹೋದ ತಂಗಿ

1983ರಲ್ಲಿ ಒಂದು ಫಜೀತಿಯಾಯಿತು. ದೀಪ ಆರಿಸುವ ಹೊತ್ತಿಗೆ ಜನವೆಲ್ಲ ಒಮ್ಮೆಗೇ ಬಾಗಿಲ ಕಡೆ ನುಗ್ಗಿತು. ಆ ನೂಕಿನಲ್ಲಿ ತಂಗಿಯ ಕೈ ನಮ್ಮ ಕೈಯಿಂದ ಜಾರಿತು. ತಪ್ಪು ನಮ್ಮದೇ, ಇನ್ನೊಂದು ಕೈಯಲ್ಲಿದ್ದ ಕಡಲೆಕಾಯಿ ಪೊಟ್ಟಣದ ಮೇಲೆ ಗಮನವಿತ್ತು. ಅವ್ವ ಅಳಲು ಶುರುಮಾಡಿದರು. ತಂದೆಯವರು ಒಂದು ಮಾತೂ ಆಡದೆ, ಜನರಿಗೆ ಎದುರಾಗಿ, ಕಟ್ಟೆಯ ಬುಡದಲ್ಲಿರುವ ಕಾವೇರಿ ಪ್ರತಿಮೆಯ ಕಡೆಗೆ ನಡೆದರು. ತಂಗಿ ಅಲ್ಲಿ ಕೂತಿದ್ದಳು. "ತಪ್ಪಿಸಿಕೊಂಡರೆ ಕಾವೇರಮ್ಮನ ಹತ್ತಿರ ಹೋಗಿ ಕೂತ್ಕೋ, ಅಲ್ಲಾಡಬೇಡ" ಎಂದು ಪ್ರತಿ ಸಲ ಒಳಗೆ ಹೋಗುವಾಗ ಅವರು ಹೇಳುತ್ತಿದ್ದರು. ನಾವು ಕೇಳಿಸಿಕೊಂಡಿರಲಿಲ್ಲ, ಅವಳು ಕೇಳಿಸಿಕೊಂಡಿದ್ದಳು. "ಅಪ್ಪ, ತಡ ಮಾಡಿದ್ರಿ" ಎಂದಳಷ್ಟೆ. ಈಗ ಅವಳು ಶಿರಸಿಯ ಕಡೆ ಅಡಿಕೆ ತೋಟದ ಮನೆಯೊಡತಿ. ಅಣ್ಣನಾದ ನಮಗೆ ಬುದ್ಧಿ ಹೇಳಬೇಕಾದಾಗೆಲ್ಲ ಕಡಲೆಕಾಯಿಯ ಮಾತು ತೆಗೆಯುತ್ತಾಳೆ.

ಹೋಗಲೇಬೇಕಾದ ವರ್ಷ

1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ಬೆಲೆ ಏರಿದ್ದು, 1995–96ರಲ್ಲಿ ಪೂಲ್ ಪದ್ಧತಿ ಹೋಗಿ ಬೆಳೆಗಾರನೇ ಮಾರುವಂತಾದದ್ದು ಸದಸ್ಯರಿಗೆ ನೆನಪಿದೆ. 1996ರಲ್ಲಿ ನಮ್ಮ ಮದುವೆ. ಆ ವರ್ಷ ಜೀಪಿನಲ್ಲಿ ಹೋದೆವು, ಒಳ್ಳೆಯ ಹೋಟೆಲಿನಲ್ಲಿ ಇಳಿದೆವು. ಆ ಪ್ರವಾಸದ ವಿಷಯ ಹೇಳಲು ಹೆಚ್ಚೇನೂ ನೆನಪಿಲ್ಲ. ಹಣವಿದ್ದಾಗಿನ ಪ್ರವಾಸಗಳು ಹೀಗೆಯೇ.

ನೆನಪಿರುವುದು 2002. ಮೂವತ್ತು ವರ್ಷಗಳಲ್ಲಿ ಕಾಣದಷ್ಟು ಕೆಳಕ್ಕೆ ಕಾಫಿ ಬೆಲೆ ಕುಸಿದಿತ್ತು. ಕುಯ್ಲಿನ ಕೂಲಿಯೂ ಹುಟ್ಟದೆ ಹಣ್ಣನ್ನು ಗಿಡದಲ್ಲೇ ಬಿಟ್ಟವರು ಇದ್ದರು. ನಮ್ಮ ಮೇಲೆ ಬ್ಯಾಂಕಿನ ಸಾಲ, ಸಂಘದ ಸಾಲ ಎರಡೂ. ಜೀಪು ಮಾರಿ ಆಗಿತ್ತು. ರಾತ್ರಿ ನಿದ್ದೆ ಬಾರದೆ ಕಣದಲ್ಲಿ ತಿರುಗಾಡುತ್ತಿದ್ದೆವು. ಮನೆಯಲ್ಲಿ ಮಾತು ಕಡಿಮೆಯಾಗಿತ್ತು. ನಾಲ್ಕು ವರ್ಷದ ಮಗ ನಮ್ಮ ಹೆಜ್ಜೆ ಸದ್ದು ಕೇಳಿದರೆ ಅಜ್ಜನ ಕೋಣೆಗೆ ಹೋಗಿಬಿಡುತ್ತಿದ್ದ.

ಏಪ್ರಿಲಿನಲ್ಲಿ ಒಂದು ಬೆಳಿಗ್ಗೆ ತಂದೆಯವರು, "ಈ ಸಲ ಕನ್ನಂಬಾಡಿಗೆ ಯಾವತ್ತು?" ಎಂದು ಕೇಳಿದರು. ನಮಗೆ ಸಿಟ್ಟು ಬಂತು. "ಅಪ್ಪ, ಸಾಲ ಇಟ್ಟುಕೊಂಡು ದೀಪ ನೋಡೋಕೆ ಹೋದರೆ ಊರವರು ಏನಂತಾರೆ?" ಎಂದೆವು. ಅವರು ಎಲೆಗೆ ಸುಣ್ಣ ಹಚ್ಚುತ್ತ, "ಕಾಫಿ ಕೊಟ್ಟ ವರ್ಷ ಯಾರು ಬೇಕಾದರೂ ಹೋಗ್ತಾರೆ. ಕೊಡದ ವರ್ಷ ಹೋಗಬೇಕು. ಇಲ್ಲದಿದ್ದರೆ ಈ ಮಕ್ಕಳಿಗೆ ತೋಟ ಅಂದರೆ ನಿನ್ನ ಈ ಮುಖ ಒಂದೇ ನೆನಪಿರುತ್ತೆ" ಎಂದರು.

ಬಸ್ಸಿನಲ್ಲಿ ಹೋದೆವು. ಮನೆಯ ರೊಟ್ಟಿ, ಮನೆಯ ಚಟ್ನಿಪುಡಿ, 1979ರಂತೆಯೇ. ಲಾಡ್ಜಿಗೆ ಕಾಸಿರಲಿಲ್ಲ. ದೀಪ ನೋಡಿ, ಮೈಸೂರು ಬಸ್ ನಿಲ್ದಾಣಕ್ಕೆ ಬಂದು, ಬೆಳಗಿನ ಮೊದಲ ಬಸ್ಸಿನವರೆಗೆ ಬೆಂಚಿನ ಮೇಲೆ ಕೂತೆವು. ಮಗಳು ತಾಯಿಯ ತೊಡೆಯ ಮೇಲೆ, ಮಗ ನಮ್ಮ ತೊಡೆಯ ಮೇಲೆ. ಹೋಗುವಾಗ ಸೇತುವೆಗಳ ಮೇಲೆ "ಒಂದು", "ಎರಡು" ಎಂದು ಎಣಿಸಿದ್ದವನು, ನಿದ್ದೆಗಣ್ಣಿನಲ್ಲಿ, "ಅಪ್ಪ, ನಾಳೆ ನಮ್ಮ ಮಳೆ ಮತ್ತೆ ಇಲ್ಲಿಗೆ ಬರುತ್ತಾ?" ಎಂದು ಕೇಳಿದ. ಎಷ್ಟೋ ತಿಂಗಳ ನಂತರ ಅವನು ನಮ್ಮನ್ನು ತಾನಾಗಿ ಮಾತನಾಡಿಸಿದ್ದು ಅದು. ಸಾಲ ಆ ರಾತ್ರಿಯಿಂದ ಒಂದು ರೂಪಾಯಿಯೂ ಕಡಿಮೆಯಾಗಲಿಲ್ಲ. ತೀರಿಸಲು ಮತ್ತೆ ಏಳು ವರ್ಷ ಬೇಕಾಯಿತು. ಆದರೆ ಕಣದಲ್ಲಿ ರಾತ್ರಿ ತಿರುಗುವುದು ನಿಂತಿತು.

ಬದಲಾದದ್ದು, ಉಳಿದದ್ದು

2005ರಲ್ಲಿ ಬಿಡದಿಯ ಬಳಿ ವಂಡರ್‌ಲಾ ಆರಂಭವಾಯಿತು. ಮಕ್ಕಳ ಹಟಕ್ಕೆ ಒಮ್ಮೆ ಅಲ್ಲಿಗೂ ಹೋದೆವು. ತಲೆಕೆಳಗಾಗಿ ತಿರುಗಿಸುವ ಯಂತ್ರದಲ್ಲಿ ಕೂತು ಇಳಿದ ಮೇಲೆ ನಮಗೆ ಅರ್ಧ ಗಂಟೆ ದಿಕ್ಕು ತಿಳಿಯಲಿಲ್ಲ. ಮಕ್ಕಳು ಸಂತೋಷಪಟ್ಟರು, ಅದರ ಬಗ್ಗೆ ನಮ್ಮ ದೂರಿಲ್ಲ. ಕನ್ನಂಬಾಡಿಯಲ್ಲೇ ಡಿಸ್ನಿಲ್ಯಾಂಡ್ ಮಾದರಿಯ ಉದ್ಯಾನ ಮಾಡುವ ಯೋಜನೆಯನ್ನು 2018ರಲ್ಲಿ ಸರ್ಕಾರ ಪ್ರಕಟಿಸಿದಾಗ ಮಗ ಫೋನ್ ಮಾಡಿ, "ಅಪ್ಪ, ಕಾವೇರಮ್ಮ ಇದ್ದ ಜಾಗದಲ್ಲೇ ಇರಲಿ, ಮಿಕ್ಕಿದ್ದು ಏನಾದರೂ ಮಾಡಿಕೊಳ್ಳಲಿ" ಎಂದ.

ಅದೇ 2018ರ ಆಗಸ್ಟ್ ಮಳೆಯನ್ನು ನಮ್ಮ ಸದಸ್ಯರು ಮರೆಯುವಂತಿಲ್ಲ. ಕೊಡಗಿನಲ್ಲೂ ನಮ್ಮ ಕಡೆಯೂ ಗುಡ್ಡ ಜರಿದವು. ನಮ್ಮ ಹಳ್ಳದಲ್ಲಿ ಕೆಂಪು ನೀರು ಹರಿಯಿತು. ಮುಂದಿನ ಬೇಸಿಗೆಯಲ್ಲಿ ಹಿನ್ನೀರಿನ ಅಂಚಿನಲ್ಲಿ ನಿಂತಾಗ, ಇಲ್ಲಿಗೆ ನಮ್ಮ ಮಳೆಯಷ್ಟೇ ಬರುವುದಿಲ್ಲ, ನಮ್ಮ ಮಣ್ಣೂ ಬರುತ್ತದೆ ಎಂದು ಹೊಳೆಯಿತು. ಆ ವರ್ಷವೇ ಇಳಿಜಾರಿನಲ್ಲೆಲ್ಲ ತೊಟ್ಟಿಲುಗುಂಡಿ ತೆಗೆಸಿದೆವು. 2023ರಲ್ಲಿ ಮಳೆ ಕೈಕೊಟ್ಟು ಕಟ್ಟೆ ತುಂಬಲಿಲ್ಲ, ಪಾಯಸವೂ ಇಲ್ಲ. 2025ರಲ್ಲಿ ಜೂನ್ ಮುಗಿಯುವುದರೊಳಗೇ ತುಂಬಿತು. ಮಗ ಬೆಂಗಳೂರಿನಿಂದ ಬೆಳಿಗ್ಗೆಯೇ ಫೋನ್ ಮಾಡಿದ: "ಅಲ್ಲಿ ಎಷ್ಟು ಇಂಚು? ಇಲ್ಲಿ 124.80." ತೋಟಕ್ಕೆ ಮರಳುತ್ತಾನೋ ಇಲ್ಲವೋ ಗೊತ್ತಿಲ್ಲ, ನಾವು ಕೇಳಿಲ್ಲ. ಆದರೆ ನಮ್ಮ ಅಂಗಳದ ಮಳೆಯನ್ನು ಅವನು ದಿನವೂ ಕೇಳುತ್ತಾನೆ.

ಯಾವ ಖಾತೆಗೆ?

ತಂದೆಯವರು 2010ರಲ್ಲಿ ತೀರಿಕೊಂಡರು. ಕೊನೆಯ ಸಲ 2008ರಲ್ಲಿ ಬಂದಾಗ ನಡೆಯಲಾಗದೆ ಕಾವೇರಿ ಪ್ರತಿಮೆಯ ಹತ್ತಿರವೇ ಕುಳಿತಿದ್ದರು. "ನೀವೆಲ್ಲ ನೋಡಿ ಬನ್ನಿ, ಕಳೆದುಹೋದರೆ ಇಲ್ಲಿಗೇ ತಾನೇ ಬರೋದು" ಎಂದರು. ಅವರ ಲೆಕ್ಕದ ಪುಸ್ತಕಗಳನ್ನು ಆಮೇಲೆ ತೆಗೆದು ನೋಡಿದೆವು. ಸಂಘದ ಲೆಕ್ಕ ನೋಡಿ ಪಳಗಿದ ಕಣ್ಣು, ಮೊದಲು ಹುಡುಕಿದ್ದು ಕನ್ನಂಬಾಡಿಯನ್ನು. ಮನೆ ಖರ್ಚಿನಲ್ಲಿ ಇರಲಿಲ್ಲ. ತೋಟದ ಖರ್ಚಿನಲ್ಲಿ ಸಿಕ್ಕಿತು. 1979ರ ಪುಟದಲ್ಲಿ ಗೊಬ್ಬರ, ಮೈಲುತುತ್ತು, ಮರಗಸಿ ಕೂಲಿ, ಅದರ ಕೆಳಗೆ "ಕನ್ನಂಬಾಡಿ, ರೂ. 118". 2002ರ ಪುಟದಲ್ಲೂ ಹಾಗೆಯೇ. ಕೈ ತಪ್ಪಿ ಬರೆದದ್ದಲ್ಲ, ಪ್ರತಿ ವರ್ಷವೂ ಅದೇ ಖಾತೆ.

ಲೆಕ್ಕಪರಿಶೋಧಕರು ಒಪ್ಪುತ್ತಾರೋ ಇಲ್ಲವೋ, ಕಾರ್ಯದರ್ಶಿಯಾಗಿ ನಾವು ಈ ಖಾತೆಯನ್ನು ಒಪ್ಪುತ್ತೇವೆ.

ಆದ್ದರಿಂದ ಸದಸ್ಯರಲ್ಲಿ ಒಂದು ಅರಿಕೆ. ಹೂಮಳೆ ಬಂದು, ಮರಗಸಿ ಮುಗಿದು, ಮುಂಗಾರು ಇಳಿಯುವ ಮೊದಲು ಹತ್ತು ಹದಿನೈದು ದಿನದ ಬಿಡುವು ಸಿಗುತ್ತದೆ. ಮಕ್ಕಳಿಗೂ ಮೊಮ್ಮಕ್ಕಳಿಗೂ ಆಗಲೇ ರಜೆ. ಹಸು, ನಾಯಿ, ಪಂಪು ನೋಡುವವರು ಯಾರು ಎಂಬುದೇ ತೊಡಕು ಎಂದಾದರೆ, ನಮ್ಮ ಹಿರಿಯರ ಮುಯ್ಯಾಳು ಪದ್ಧತಿ ಇದೆಯಲ್ಲ. ಗದ್ದೆ ನಾಟಿಗೆ ಆದದ್ದು ಮನೆ ಕಾಯಲೂ ಆಗುತ್ತದೆ. ಈ ವಾರ ನೀವು ಹೊರಡಿ, ಅವರು ನೋಡಿಕೊಳ್ಳಲಿ. ಮುಂದಿನ ವಾರ ಅವರು ಹೊರಡಲಿ. ಹೆಸರು ಕೊಟ್ಟರೆ ಜೋಡಿ ಹೊಂದಿಸುವ ಕೆಲಸವನ್ನು ಸಂಘದ ಕಚೇರಿಯಲ್ಲಿ ನಾವು ಮಾಡುತ್ತೇವೆ.

ಕನ್ನಂಬಾಡಿಗೇ ಹೋಗಬೇಕೆಂದಿಲ್ಲ. ಆದರೆ ಹೋದಿರಾದರೆ ದಾರಿಯಲ್ಲಿ ಹೊಳೆಯನ್ನು ಎಣಿಸಲು ಮರೆಯಬೇಡಿ. ಮೊದಲು ಮಾತು ಕೊಟ್ಟವರು, ಮೂವತ್ತು ವರ್ಷ ಹೊರಗೆ ಮಲಗದ ಆ ಹಿರಿಯ ಸದಸ್ಯರೇ. ಅವರ ಹಸುವಿಗೆ ಮೂರು ದಿನ ಹುಲ್ಲು ಹಾಕಲು ನಾವು ಒಪ್ಪಿದ್ದೇವೆ.

— ಕಾರ್ಯದರ್ಶಿ