ಮೋಟಾರಿನ ಬೇರಿಂಗಿಗೆ ಗ್ರೀಸು: ಯಾವಾಗ, ಎಷ್ಟು?

ನೀರೆತ್ತುವ ಮೋಟಾರಿನ ಬೇರಿಂಗಿಗೆ ಎಷ್ಟು ದಿನಕ್ಕೊಮ್ಮೆ ಗ್ರೀಸು ಹಾಕಬೇಕೆಂಬುದು ಬೆಳೆಗಾರರಲ್ಲಿ ಆಗಾಗ ಏಳುವ ಪ್ರಶ್ನೆ. ತಿಂಗಳಿಗೊಮ್ಮೆ ತುಂಬುವವರೂ ಇದ್ದಾರೆ, ಕೊಂಡ ದಿನದಿಂದ ಮುಟ್ಟದವರೂ ಇದ್ದಾರೆ. ಎರಡೂ ಸರಿಯಲ್ಲ. ಮೋಟಾರು ಓಡಿದ ಗಂಟೆಗಳ ಮೇಲೆ ಇದನ್ನು ಲೆಕ್ಕ ಹಾಕಬೇಕು.

ಮೊದಲು ಬೇರಿಂಗು ಯಾವ ಬಗೆಯದೆಂದು ತಿಳಿಯಿರಿ. ಅದರ ನಂಬರಿನ ಮುಂದೆ ‘ಝಡ್ ಝಡ್’ ಅಥವಾ ‘2 ಆರ್‌ಎಸ್’ ಎಂದಿದ್ದರೆ ಅದು ಮುಚ್ಚಿದ ಬೇರಿಂಗು. ಗ್ರೀಸು ಹಾಕುವಂತಿಲ್ಲ, ಸವೆದಾಗ ಬದಲಿಸಬೇಕು. ನೀರು ತುಂಬಿದ ಸಬ್‌ಮರ್ಸಿಬಲ್ ಮೋಟಾರಿಗೂ ಗ್ರೀಸು ಬೇಡ. ಗ್ರೀಸ್ ನಿಪ್ಪಲ್ ಇರುವ ಮೋಟಾರಿಗೆ ಮಾತ್ರ ಮುಂದಿನ ಮಾತು ಅನ್ವಯಿಸುತ್ತದೆ.

ಎರಡು ಉದಾಹರಣೆ ನೋಡೋಣ. ರಾಯಬಾಗ ತಾಲ್ಲೂಕಿನ ಚಿಂಚಲಿ ಸೀಮೆಯಲ್ಲಿ ಕಬ್ಬಿಗೆ ನೀರು ಹಾಯಿಸುವ ಮೋಟಾರು ದಿನಕ್ಕೆ 7 ಗಂಟೆಯಂತೆ 250 ದಿನ ಓಡಿತೆಂದರೆ ವರ್ಷಕ್ಕೆ 1,750 ಗಂಟೆ. ಅಲ್ಲಿ ಮಾಯಕ್ಕನ ಜಾತ್ರೆ ನಡೆಯುವ ಮಾಘ ಮಾಸದ ಹೊತ್ತಿಗೆ ನಮ್ಮ ಮಲೆನಾಡಿನಲ್ಲಿ ಹೂಮಳೆಗೆ ಬದಲಾಗಿ ಕಾಫಿಗೆ ತುಂತುರು ನೀರು ಕೊಡುತ್ತೇವೆ. ಆ ಮೋಟಾರು 40 ದಿನ, ದಿನಕ್ಕೆ 10 ಗಂಟೆ ಓಡಿದರೂ 400 ಗಂಟೆ ಮಾತ್ರ. ಎರಡಕ್ಕೂ ತಿಂಗಳ ಲೆಕ್ಕ ಹೇಗೆ ಒಂದೇ ಆದೀತು?

ನಿಮಿಷಕ್ಕೆ 1,500 ಸುತ್ತಿನ ಸಾಧಾರಣ ಮೋಟಾರಿನ ಬಾಲ್ ಬೇರಿಂಗು ಶುಚಿಯಾದ ಜಾಗದಲ್ಲಿ, 70 ಡಿಗ್ರಿ ಸೆಂಟಿಗ್ರೇಡ್ ದಾಟದಿದ್ದರೆ, ಸುಮಾರು 10,000 ಗಂಟೆ ನಡೆದೀತು. ಅದಕ್ಕಿಂತ ಪ್ರತಿ 15 ಡಿಗ್ರಿ ಕಾವು ಏರಿದಂತೆ ಈ ಅವಧಿ ಅರ್ಧಕ್ಕಿಳಿಯುತ್ತದೆ. ಪಂಪ್‌ಹೌಸಿನ ಧೂಳು, ತೇವಕ್ಕಾಗಿ ಕಾಲುಭಾಗವೆಂದು ಹಿಡಿದರೂ 2,500 ಗಂಟೆ ಆಯಿತು. ಆದ್ದರಿಂದ ಚಿಂಚಲಿಯ ಮೋಟಾರಿಗೆ ವರ್ಷಕ್ಕೊಮ್ಮೆ ಸಾಕು. ನಮ್ಮದು ಓಡುವುದು ಕಡಿಮೆಯಾದರೂ ಮಳೆಗಾಲವಿಡೀ ನಿಂತಿರುವುದರಿಂದ ಗ್ರೀಸಿಗೆ ತೇವ ಸೇರುತ್ತದೆ. ನೀರು ಹಾಯಿಸುವ ಕಾಲಕ್ಕೆ ಮುಂಚೆ ಒಮ್ಮೆ ಹಾಕುವುದು ಲೇಸು. ಮೋಟಾರಿನ ಜೊತೆ ಬಂದ ಪುಸ್ತಿಕೆಯಲ್ಲಿ ಬೇರೆ ಅವಧಿ ಹೇಳಿದ್ದರೆ ಅದನ್ನೇ ಪಾಲಿಸತಕ್ಕದ್ದು.

ಪ್ರಮಾಣಕ್ಕೂ ಲೆಕ್ಕವಿದೆ. ಬೇರಿಂಗಿನ ಹೊರ ವ್ಯಾಸವನ್ನೂ ಅಗಲವನ್ನೂ ಮಿಲಿಮೀಟರಿನಲ್ಲಿ ಗುಣಿಸಿ, ಬಂದದ್ದನ್ನು 200ರಿಂದ ಭಾಗಿಸಿದರೆ ಗ್ರಾಂ ಸಿಗುತ್ತದೆ. 6308 ನಂಬರಿನ ಬೇರಿಂಗಿಗೆ 90 × 23 ÷ 200, ಅಂದರೆ ಸುಮಾರು 10 ಗ್ರಾಂ. ಗ್ರೀಸ್ ಗನ್ನನ್ನು ಹತ್ತು ಸಲ ಒತ್ತಿ ಕಾಗದದ ಮೇಲೆ ಬಂದದ್ದನ್ನು ಅಂಗಡಿಯ ತಕ್ಕಡಿಯಲ್ಲಿ ತೂಗಿದರೆ, ಒಂದು ಒತ್ತಿಗೆ ಎಷ್ಟೆಂದು ತಿಳಿಯುತ್ತದೆ.

ಹೆಚ್ಚು ಹಾಕಿದರೆ ಒಳ್ಳೆಯದೆಂದು ತಿಳಿಯಬಾರದು. ತುಂಬಿ ತುಳುಕುವ ಗ್ರೀಸನ್ನು ಗುಂಡುಗಳು ಕಡೆಯುತ್ತವೆ, ಬೇರಿಂಗು ಕಾಯುತ್ತದೆ, ಗ್ರೀಸು ವೈಂಡಿಂಗಿನೊಳಕ್ಕೂ ಇಳಿಯುತ್ತದೆ. ಬೇರಿಂಗು ಕೆಟ್ಟು ರೋಟರು ಸ್ಟೇಟರಿಗೆ ಉಜ್ಜಿದರೆ ವೈಂಡಿಂಗು ಸುಡುತ್ತದೆ. ಹೂವಿನ ಕಾಲದಲ್ಲಿ ಹಾಗಾದರೆ ರಿಪೇರಿಯ ಖರ್ಚಿಗಿಂತ ತಪ್ಪಿದ ನೀರಿನ ನಷ್ಟವೇ ದೊಡ್ಡದು.

ಹಾಕುವ ಕ್ರಮ: ಮೋಟಾರನ್ನು ಹತ್ತು ನಿಮಿಷ ಓಡಿಸಿ, ನಿಲ್ಲಿಸಿ, ಫ್ಯೂಸು ತೆಗೆಯಿರಿ. ನಿಪ್ಪಲ್ ಒರೆಸಿ, ಕೆಳಗಿನ ಪ್ಲಗ್ ಬಿಚ್ಚಿ. ಶಾಫ್ಟನ್ನು ಕೈಯಿಂದ ತಿರುಗಿಸುತ್ತ ನಿಧಾನವಾಗಿ ಗ್ರೀಸು ತುಂಬಿ. ಪ್ಲಗ್ ತೆರೆದಿಟ್ಟೇ ಕಾಲು ಗಂಟೆ ಓಡಿಸಿ, ಹಳೆಯದು ಹೊರಬಂದ ಮೇಲೆ, ಮೋಟಾರು ನಿಲ್ಲಿಸಿ ಮುಚ್ಚಿ. ಲಿಥಿಯಂ ಗ್ರೀಸು ಇದ್ದ ಕಡೆ ಪಾಲಿಯೂರಿಯಾ ಗ್ರೀಸು ಬೆರೆಸಬೇಡಿ. ಎರಡೂ ಸೇರಿದರೆ ತೆಳುವಾಗಿ ಸೋರಿಹೋಗಬಹುದು.

ಕೊನೆಯದಾಗಿ, ಗ್ರೀಸು ಹಾಕಿದ ತಾರೀಖು, ತೂಕ ಮತ್ತು ಗ್ರೀಸಿನ ಹೆಸರನ್ನು ಪಂಪ್‌ಹೌಸಿನ ಗೋಡೆಯ ಮೇಲೆ ಬರೆದಿಡಿ. ಆಳು ಬದಲಾದರೂ ಲೆಕ್ಕ ತಪ್ಪುವುದಿಲ್ಲ.