ಬುದ್ಧಿಮಾತು ಬಿಟ್ಟು ಕಿವಿಗೊಡುವ ವಿದ್ಯೆ: ಶಾಲಾ ಆಪ್ತ ಸಮಾಲೋಚಕರಾಗಲು ಸ್ನಾತಕೋತ್ತರ ಕಲಿಕೆ

ಜೂನ್ ಕಳೆದು ಜುಲೈ ಬಂತೆಂದರೆ ಮುಂಬಯಿಯ ಕನ್ನಡ ಸಂಘ ಸಂಸ್ಥೆಗಳಲ್ಲಿ ಪ್ರತಿಭಾ ಪುರಸ್ಕಾರ, ವಿದ್ಯಾರ್ಥಿವೇತನ ವಿತರಣೆಯ ಸಂಭ್ರಮ. ಶೇಕಡಾ ತೊಂಬತ್ತು ದಾಟಿದವರಿಗೆ ಶಾಲು, ಹೂಗುಚ್ಛ, ಸ್ಮರಣಿಕೆ. ಜೊತೆಯಲ್ಲೇ ನಡೆಯುವ ವೃತ್ತಿ ಮಾರ್ಗದರ್ಶನ ಶಿಬಿರದಲ್ಲಿ ಎಂಜಿನಿಯರಿಂಗ್, ಮೆಡಿಕಲ್, ಸಿ.ಎ. ಬಗ್ಗೆ ಬೇಕಾದಷ್ಟು ಮಾತು. ಶಾಲಾ ಆಪ್ತ ಸಮಾಲೋಚಕರು, ಅಂದರೆ ಸ್ಕೂಲ್ ಕೌನ್ಸೆಲರ್ ಎಂಬ ವೃತ್ತಿಯ ಹೆಸರು ಮಾತ್ರ ಅಲ್ಲಿ ಕೇಳಿಬರುವುದು ಅಪರೂಪ. ವೇದಿಕೆ ಏರುವ ಮಕ್ಕಳನ್ನು ಸಮಾಜ ನೋಡಿಕೊಳ್ಳುತ್ತದೆ. ಸಭಾಗೃಹದ ಹಿಂದಿನ ಸಾಲಿನಲ್ಲಿ ಮುದುಡಿ ಕುಳಿತ ಮಗುವಿನ ಜೊತೆ ಮಾತನಾಡಲು ತರಬೇತಿ ಪಡೆದವರು ಎಷ್ಟು ಮಂದಿ?

ಈ ಪ್ರಶ್ನೆ ಈಗ ನ್ಯಾಯಾಲಯದ ಕಟಕಟೆಯನ್ನೂ ಮುಟ್ಟಿದೆ. ವಿಶಾಖಪಟ್ಟಣದಲ್ಲಿ ನೀಟ್ ತರಬೇತಿ ಪಡೆಯುತ್ತಿದ್ದ 17ರ ಹರೆಯದ ವಿದ್ಯಾರ್ಥಿನಿಯೊಬ್ಬಳು 2023ರಲ್ಲಿ ಮೃತಪಟ್ಟ ಪ್ರಕರಣದಲ್ಲಿ, ಆಕೆಯ ತಂದೆಯ ಮೇಲ್ಮನವಿಯ ಮೇಲೆ ಸುಪ್ರೀಂ ಕೋರ್ಟು 2025ರ ಜುಲೈ 25ರಂದು ತೀರ್ಪು ನೀಡಿತು. ತನಿಖೆಯನ್ನು ಸಿಬಿಐಗೆ ಒಪ್ಪಿಸಿದ ನ್ಯಾಯಪೀಠ, ದೇಶದ ಶಿಕ್ಷಣ ಸಂಸ್ಥೆಗಳಿಗೆಲ್ಲ ಅನ್ವಯಿಸುವ 15 ಮಾರ್ಗಸೂಚಿಗಳನ್ನೂ ಪ್ರಕಟಿಸಿತು. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿಯೊಂದು ಸಂಸ್ಥೆಯಲ್ಲೂ ಮಕ್ಕಳ ಮಾನಸಿಕ ಆರೋಗ್ಯದಲ್ಲಿ ತರಬೇತಿ ಹೊಂದಿದ ಒಬ್ಬ ಸಮಾಲೋಚಕರು, ಮನಃಶಾಸ್ತ್ರಜ್ಞರು ಅಥವಾ ಸಮಾಜ ಕಾರ್ಯಕರ್ತರು ಇರಲೇಬೇಕು ಎಂಬುದು ಅವುಗಳಲ್ಲಿ ಒಂದು. ಸಿಬಿಎಸ್‌ಇ ಮಂಡಳಿ ತನ್ನ 2018ರ ನಿಯಮಾವಳಿಯಲ್ಲೇ ಪ್ರೌಢಶಾಲೆಗಳಿಗೆ ಪೂರ್ಣಾವಧಿ ಸಮಾಲೋಚಕರು ಬೇಕು ಎಂದಿತ್ತು. ಆದರೆ ಅದು ಆ ಮಂಡಳಿಯ ಶಾಲೆಗಳಿಗೆ ಮಾತ್ರ. ಕೋರ್ಟಿನ ಮಾತು ಸಂಘಗಳು ನಡೆಸುವ ಶಾಲೆಗಳಿಗೂ ಅನ್ವಯಿಸುತ್ತದೆ.

ಮುಂಬಯಿಗೆ ಈ ವಿಚಾರ ಹೊಸತಲ್ಲ. ಭಾರತದ ಮೊದಲ ಮಕ್ಕಳ ಮಾರ್ಗದರ್ಶನ ಚಿಕಿತ್ಸಾಲಯ ಆರಂಭವಾದದ್ದು ಇದೇ ನಗರದಲ್ಲಿ, 1937ರಲ್ಲಿ. ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಅದನ್ನು ಪ್ರಾರಂಭಿಸಿದಾಗ ಸಂಸ್ಥೆಗೇ ಒಂದು ವರ್ಷ ತುಂಬಿತ್ತಷ್ಟೇ. ಸಂಕಷ್ಟದಲ್ಲಿರುವ ಮಕ್ಕಳ 1098 ಸಹಾಯವಾಣಿಯೂ 1996ರಲ್ಲಿ ಆ ಸಂಸ್ಥೆಯ ಒಂದು ಪ್ರಯೋಗವಾಗಿಯೇ ಮುಂಬಯಿಯಲ್ಲಿ ಹುಟ್ಟಿಕೊಂಡಿತು.

ಹಾಗಾದರೆ ಈ ವೃತ್ತಿಗೆ ಎರಡು ವರ್ಷದ ಸ್ನಾತಕೋತ್ತರ ಓದು ಏಕೆ? ಮಕ್ಕಳಿಗೆ ನಾಲ್ಕು ಒಳ್ಳೆಯ ಮಾತು ಹೇಳಲು ಎಂ.ಎ. ಬೇಕೇ ಎಂದು ಕೇಳುವವರು ನಮ್ಮಲ್ಲಿ ಬಹಳ ಮಂದಿ. ನಾಲ್ಕು ಒಳ್ಳೆಯ ಮಾತು ಹೇಳದೆ ಇರುವುದನ್ನು ಕಲಿಯಲಿಕ್ಕೇ ಎರಡು ವರ್ಷ ಬೇಕು ಎಂಬುದು ಅದಕ್ಕೆ ಸರಿಯಾದ ಉತ್ತರ.

ಉದಾಹರಣೆಗೆ, ಎಂಟನೇ ಇಯತ್ತೆಯ ಹುಡುಗಿಯೊಬ್ಬಳು, "ನನಗೆ ಶಾಲೆಗೆ ಬರಲು ಮನಸ್ಸೇ ಇಲ್ಲ ಮಿಸ್" ಎನ್ನುತ್ತಾಳೆ ಎಂದುಕೊಳ್ಳೋಣ. "ಹಾಗೆಲ್ಲ ಹೇಳಬಾರದು ಮಗಾ, ನಿನ್ನ ಅಪ್ಪ ಹೋಟೆಲಿನಲ್ಲಿ ಎಷ್ಟು ಕಷ್ಟಪಟ್ಟು ದುಡಿಯುತ್ತಾರೆ ನೋಡು" ಎಂಬುದು ನಮ್ಮಲ್ಲಿ ಯಾರ ಬಾಯಲ್ಲೂ ತಟ್ಟನೆ ಬರುವ ಉತ್ತರ. ಹೇಳಿದವರ ಮನಸ್ಸು ಒಳ್ಳೆಯದೇ. ಆದರೆ ಮಾತು ಅಲ್ಲಿಗೆ ನಿಂತಿತು. ತರಬೇತಿ ಪಡೆದವರು, "ಬೆಳಿಗ್ಗೆ ಎದ್ದು ಯೂನಿಫಾರ್ಮ್ ಹಾಕುವಾಗ ಏನನಿಸುತ್ತದೆ, ಹೇಳ್ತೀಯಾ?" ಎಂದು ಕೇಳಿ ಸುಮ್ಮನಾಗುತ್ತಾರೆ. ಒಂದು ನಿಮಿಷ ಮೌನ. ಆ ಮೌನವನ್ನು ತಾಳಿಕೊಳ್ಳುವುದೂ ಒಂದು ಪಾಠವೇ. ಇಂಗ್ಲಿಷ್ ಗದ್ಯ ಓದುವಾಗ ಅವಳ ಉಚ್ಚಾರಕ್ಕೆ ತರಗತಿ ಗೊಳ್ಳೆಂದು ನಗುತ್ತದೆ ಎಂಬ ಸಂಗತಿ ಆಮೇಲೆ ಹೊರಗೆ ಬಂದೀತು, ಇಲ್ಲವೇ ಅದಕ್ಕಿಂತ ಗಂಭೀರವಾದದ್ದು.

ವಿದ್ಯಾರ್ಥಿಗಳು ಇದನ್ನು ಮೊದಲು ಪರಸ್ಪರರ ಮೇಲೆಯೇ ಅಭ್ಯಾಸ ಮಾಡುತ್ತಾರೆ. ಒಬ್ಬರು ಮಗು, ಒಬ್ಬರು ಸಮಾಲೋಚಕ, ಮೂರನೆಯವರು ವೀಕ್ಷಕ. ಬಳಿಕ ಶಾಲೆ, ಚಿಕಿತ್ಸಾಲಯಗಳಲ್ಲಿ ಪ್ರಾಯೋಗಿಕ ಕೆಲಸ. ನಡೆದ ಸಂಭಾಷಣೆಯನ್ನು ನೆನಪಿನಿಂದಲೋ ಅನುಮತಿ ಪಡೆದ ಧ್ವನಿಮುದ್ರಣದಿಂದಲೋ ಸಾಲು ಸಾಲಾಗಿ ಬರೆದು ಅನುಭವಿ ಮೇಲ್ವಿಚಾರಕರ ಮುಂದಿಡಬೇಕು. "ಇಲ್ಲಿ ಮಗು ಅಳುವ ಹಂತಕ್ಕೆ ಬಂದಾಗ ವಿಷಯ ಏಕೆ ಬದಲಿಸಿದಿರಿ?" ಎಂದು ಅವರು ಕೇಳುತ್ತಾರೆ. ಇಪ್ಪತ್ತು ವರ್ಷ ಪಾಠ ಮಾಡಿ ಬಂದ ಶಿಕ್ಷಕಿಯರಿಗೆ ಈ ಪ್ರಶ್ನೆಗಳು ಹೊಸಬರಿಗಿಂತ ಹೆಚ್ಚು ಚುಚ್ಚುತ್ತವೆ, ಏಕೆಂದರೆ ಅವರು ಬಿಡಬೇಕಾದ ಅಭ್ಯಾಸಗಳೂ ಹೆಚ್ಚು.

ಮಗುವಿನ ಬೆಳವಣಿಗೆ, ಕಲಿಕಾ ತೊಂದರೆ, ವ್ಯಕ್ತಿತ್ವ ಸಿದ್ಧಾಂತ, ಸಂಖ್ಯಾಶಾಸ್ತ್ರ ಇವೆಲ್ಲ ಪಠ್ಯದಲ್ಲಿರುತ್ತವೆ. ಬುದ್ಧಿಮತ್ತೆಯ ಮಾಪನದ ಪಾಠದಲ್ಲಿ ನಮ್ಮವರಿಗೆ ಆತ್ಮೀಯವಾದ ಒಂದು ಅಧ್ಯಾಯವಿದೆ. ವಿ. ವಿ. ಕಾಮತ್ ಅವರು ಬಿನೆ ಪರೀಕ್ಷೆಯನ್ನು 1930ರ ದಶಕದಲ್ಲಿ ಆಗಿನ ಮುಂಬಯಿ ಪ್ರಾಂತದ ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಪರಿಷ್ಕರಿಸಿದರು. ಈ ಕುರಿತ ಅವರ ಗ್ರಂಥ 1940ರಲ್ಲಿ ಹೊರಬಂತು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರು ದೇಶದ ಮನಃಶಾಸ್ತ್ರ ವಿಭಾಗಗಳಿಗೆಲ್ಲ ಪರಿಚಿತ. ಅದರ ಮಾನದಂಡಗಳು ಹಳತಾದವು ಎಂಬ ಟೀಕೆ ನ್ಯಾಯವಾದದ್ದೇ. ಆದರೂ ಮಗುವನ್ನು ಅದರ ಮನೆಮಾತಿನಲ್ಲೇ ಅಳೆಯಬೇಕು ಎಂಬ ತಿಳಿವಳಿಕೆ ಅಷ್ಟು ಹಿಂದೆಯೇ ಇತ್ತು ಎಂಬುದು ಸಣ್ಣ ಮಾತಲ್ಲ. ಮನೆಯಲ್ಲಿ ತುಳು ಅಥವಾ ಕನ್ನಡ, ಕಟ್ಟಡದ ಅಂಗಳದಲ್ಲಿ ಹಿಂದಿ, ಮರಾಠಿ, ಶಾಲೆಯಲ್ಲಿ ಇಂಗ್ಲಿಷ್ ಎಂದು ಬೆಳೆಯುವ ಮಗುವಿನ ತಾಯಿಯನ್ನು ಶಾಲೆಗೆ ಕರೆಸಿದಾಗ, ಆಕೆಯ ಭಾಷೆಯಲ್ಲೇ ಮಾತನಾಡಬಲ್ಲ ಸಮಾಲೋಚಕಿ ಇದ್ದರೆ ಅರ್ಧ ಕೆಲಸ ಆದಂತೆ.

ಕಲಿಕೆಯ ಅತ್ಯಂತ ಸೂಕ್ಷ್ಮ ಭಾಗ ಗೌಪ್ಯತೆ. ಮಗು ಹೇಳಿದ್ದನ್ನು ಪ್ರಾಂಶುಪಾಲರು ಕೇಳಿದರೂ, ಶುಲ್ಕ ಕಟ್ಟುವ ತಂದೆಯೇ ಕೇಳಿದರೂ ಹಾಗೆಯೇ ಒಪ್ಪಿಸುವಂತಿಲ್ಲ. ಇದಕ್ಕೆ ಮಿತಿಗಳಿವೆ. ಜೀವಕ್ಕೆ ಅಪಾಯವಿದ್ದರೆ ಮುಚ್ಚಿಡುವಂತಿಲ್ಲ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದೂ ಅಪರಾಧ. ಈ ಮಿತಿಯನ್ನು ಮೊದಲ ಭೇಟಿಯಲ್ಲೇ ಮಗುವಿಗೆ ಅರ್ಥವಾಗುವ ಮಾತಿನಲ್ಲಿ ಹೇಳುವುದನ್ನು ವಿದ್ಯಾರ್ಥಿಗಳು ಬಾಯಿಪಾಠದಂತೆ ಕಲಿಯುತ್ತಾರೆ. ನಮ್ಮ ಸಮುದಾಯಗಳಲ್ಲಿ ಇನ್ನೊಂದು ತೊಡಕೂ ಇದೆ. ಮಗುವಿನ ತಂದೆ ಮತ್ತು ಸಮಾಲೋಚಕಿಯ ಪತಿ ಒಂದೇ ಸಂಘದ ಕಾರ್ಯಕಾರಿ ಸಮಿತಿಯಲ್ಲಿರಬಹುದು, ಯಕ್ಷಗಾನದ ಚೌಕಿಯಲ್ಲೋ ಮದುವೆಯ ಊಟದ ಪಂಕ್ತಿಯಲ್ಲೋ ಭೇಟಿಯಾಗಬಹುದು. ಅಲ್ಲಿ ಬಾಯಿ ಬಿಡದಿರುವುದು ಮಾತ್ರವಲ್ಲ, ಅಂಥ ಪ್ರಕರಣವನ್ನು ಬೇರೊಬ್ಬರಿಗೆ ಒಪ್ಪಿಸುವ ವಿವೇಕವೂ ಬೇಕು. "ಮನೆಯ ಮರ್ಯಾದೆ" ಎಂಬ ಹೆದರಿಕೆಯಿಂದ ತಂದೆ-ತಾಯಿ ಬಾಗಿಲು ಮುಚ್ಚುವುದು ಇಂಥಲ್ಲೇ.

ಇಷ್ಟೆಲ್ಲ ಕಲಿಕೆ ಅಂಚೆಯಲ್ಲಿ ಬರುವ ಪುಸ್ತಕದಿಂದ ಸಾಧ್ಯವೇ? ಕೆಲಸ, ಸಂಸಾರದ ನಡುವೆ ದೂರಶಿಕ್ಷಣದಲ್ಲಿ ಮನಃಶಾಸ್ತ್ರದ ಎಂ.ಎ. ಮಾಡುವ ಯೋಚನೆಯಲ್ಲಿದ್ದವರು ಒಂದು ಬದಲಾವಣೆಯನ್ನು ಅಗತ್ಯವಾಗಿ ಗಮನಿಸಬೇಕು. 2025ರ ಜುಲೈ-ಆಗಸ್ಟ್ ಶೈಕ್ಷಣಿಕ ಅವಧಿಯಿಂದ ಮನಃಶಾಸ್ತ್ರವೂ ಸೇರಿದಂತೆ ಆರೋಗ್ಯ ಸಂಬಂಧಿ ವಿಷಯಗಳಿಗೆ ದೂರಶಿಕ್ಷಣ ಮತ್ತು ಆನ್‌ಲೈನ್ ಮೂಲಕ ಪ್ರವೇಶ ನೀಡಬಾರದೆಂದು ಯುಜಿಸಿ ಆದೇಶಿಸಿತು. ಆರೋಗ್ಯ ಪೂರಕ ವೃತ್ತಿಗಳಿಗೆ ಸಂಬಂಧಿಸಿದ 2021ರ ಕಾಯ್ದೆ ಇದಕ್ಕೆ ಆಧಾರ. ತರಬೇತಿಯ ಗುಣಮಟ್ಟದ ದೃಷ್ಟಿಯಿಂದ ನಿರ್ಧಾರ ಸರಿಯೇ. ಆದರೆ ಡೊಂಬಿವಿಲಿಯಲ್ಲೋ ಮೀರಾರೋಡಿನಲ್ಲೋ ಮನೆ ಮಾಡಿಕೊಂಡು, ಮಕ್ಕಳನ್ನು ಶಾಲೆಗೆ ಕಳುಹಿಸಿ ಓದಬೇಕೆಂದಿದ್ದ ಮಹಿಳೆಯರಿಗೆ ಇದರಿಂದ ಕಷ್ಟವಾಗಿದೆ ಎಂಬುದೂ ನಿಜ. "ಮನೆಯಲ್ಲೇ ಕುಳಿತು ಎಂ.ಎ." ಎಂಬ ಜಾಹೀರಾತು ಕಂಡರೆ ಹಣ ಕಟ್ಟುವ ಮುನ್ನ ಯುಜಿಸಿ ಮಾನ್ಯತೆಯನ್ನು ಪರಿಶೀಲಿಸಬೇಕು. ವಾರಾಂತ್ಯದ ಸರ್ಟಿಫಿಕೇಟ್ ಕೋರ್ಸುಗಳು ಸ್ನಾತಕೋತ್ತರ ಪದವಿಗೆ ಸಮವಲ್ಲ.

ತರಗತಿಗೆ ಹೋಗಿ ಕಲಿಯುವವರಿಗೆ ಮುಂಬಯಿಯಲ್ಲಿ ಕೊರತೆಯಿಲ್ಲ. ಕನ್ನಡ ವಿಭಾಗವಿರುವ ಕಲೀನಾದ ವಿದ್ಯಾನಗರಿಯಲ್ಲೇ ಮುಂಬಯಿ ವಿಶ್ವವಿದ್ಯಾಲಯದ ಅನ್ವಯಿಕ ಮನಃಶಾಸ್ತ್ರ ವಿಭಾಗವೂ ಇದೆ. ಕುರ್ಲಾದಿಂದಲೂ ಸಾಂತಾಕ್ರೂಜ್‌ನಿಂದಲೂ ಅಲ್ಲಿಗೆ ಬಸ್ಸು, ರಿಕ್ಷಾ ಸಿಗುತ್ತವೆ. ಮಹರ್ಷಿ ಕರ್ವೆಯವರು 1916ರಲ್ಲಿ ಸ್ಥಾಪಿಸಿದ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯ ಇನ್ನೊಂದು ಆಯ್ಕೆ. ದೇವನಾರ್‌ನ ಟಾಟಾ ಸಂಸ್ಥೆಯಲ್ಲಿ ಸಮಾಲೋಚನೆಯನ್ನೇ ವಿಶೇಷ ವಿಷಯವಾಗಿ ಓದಬಹುದು, ಆದರೆ ಪೈಪೋಟಿ ತೀವ್ರ. ಬಿ.ಎ.ಯಲ್ಲಿ ಮನಃಶಾಸ್ತ್ರ ಓದದವರಿಗೆ ಎಂ.ಎ. ಪ್ರವೇಶ ಎಲ್ಲೆಡೆ ಸುಲಭವಲ್ಲ, ಆಯಾ ವಿಭಾಗದ ನಿಯಮವನ್ನು ಮೊದಲೇ ಕೇಳಿ ತಿಳಿದುಕೊಳ್ಳುವುದು ಒಳಿತು.

ಈಗಾಗಲೇ ಶಿಕ್ಷಕರಾಗಿರುವವರಿಗೆ ಎನ್‌ಸಿಇಆರ್‌ಟಿಯ ಮಾರ್ಗದರ್ಶನ ಮತ್ತು ಸಮಾಲೋಚನೆ ಡಿಪ್ಲೊಮಾ ಇದೆ. ಇದು ಎಂ.ಎ. ಅಲ್ಲ, ಪದವಿಯ ನಂತರದ ಒಂದು ವರ್ಷದ ಕೋರ್ಸು. ಆರು ತಿಂಗಳು ಮನೆಯಿಂದ ಓದು, ಮೂರು ತಿಂಗಳು ಕೇಂದ್ರದಲ್ಲಿದ್ದು ತರಗತಿ, ಮೂರು ತಿಂಗಳು ತಮ್ಮ ಊರಿನಲ್ಲಿ ಇಂಟರ್ನ್‌ಶಿಪ್ ಎಂಬುದು ಅದರ ಕ್ರಮ. ಚೆನ್ನೈ, ಹೈದರಾಬಾದಿನ ಕನ್ನಡಿಗರಿಗೆ ಹತ್ತಿರದ ಕೇಂದ್ರ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ. ಮುಂಬಯಿ, ಪುಣೆಯವರ ವಲಯ ಭೋಪಾಲಕ್ಕೆ ಸೇರುತ್ತದೆ. ಮೂರು ತಿಂಗಳ ರಜೆ ಕೊಡಲು ಶಾಲೆಯ ಆಡಳಿತ ಮಂಡಳಿ ಒಪ್ಪಬೇಕಾದದ್ದೇ ಇಲ್ಲಿಯ ದೊಡ್ಡ ಅಡ್ಡಿ.

ಉದ್ಯೋಗದ ಬಗ್ಗೆ ಬಣ್ಣದ ಮಾತು ಬೇಡ. ಎಷ್ಟೋ ಶಾಲೆಗಳಲ್ಲಿ ಸಮಾಲೋಚಕರ ನೇಮಕ ಗುತ್ತಿಗೆಯ ಮೇಲೆ, ವಾರಕ್ಕೆ ಎರಡು ದಿನ. ರಜೆ ಹಾಕಿದ ಶಿಕ್ಷಕರ ಪಿರಿಯಡ್ ತುಂಬಿಸಲು ಕಳುಹಿಸುವುದೂ ಉಂಟು. ಪ್ರತ್ಯೇಕ ಕೋಣೆ ಇಲ್ಲದೆ ಸ್ಟಾಫ್ ರೂಮಿನ ಮೂಲೆಯಲ್ಲಿ ಕುಳಿತರೆ ಯಾವ ಮಗು ಬಾಯಿ ಬಿಟ್ಟೀತು? ಸಂದರ್ಶನದಲ್ಲೇ ಕೋಣೆ ಮತ್ತು ಸಮಯದ ಬಗ್ಗೆ ಕೇಳುವುದು ತಪ್ಪಲ್ಲ. ತನ್ನ ಅಳವಿಗೆ ಮೀರಿದ ಮಗುವನ್ನು ಮನೋವೈದ್ಯರಿಗೆ ಕಳುಹಿಸುವುದೂ ಕೆಲಸದ ಭಾಗವೇ. ಔಷಧ ಬರೆಯುವ ಅಧಿಕಾರ ಸಮಾಲೋಚಕರಿಗಿಲ್ಲ. ಶಾಲೆಯ ಗಂಟೆ ಮುಗಿದ ಮೇಲೆ ಮನೆಯವರಿಗೆ ಕೊಡಲು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416 ಸಂಖ್ಯೆ ಇದೆ, ಅಲ್ಲಿ ಕನ್ನಡದಲ್ಲೂ ಮಾತನಾಡಬಹುದು.

ಕೊನೆಗೆ ಸಂಘಗಳ ಪದಾಧಿಕಾರಿಗಳಿಗೊಂದು ವಿಷಯ. ವಿದ್ಯಾರ್ಥಿವೇತನದ ಅರ್ಜಿ ನಮೂನೆಗಳು ಬಹುತೇಕ ಹತ್ತು, ಹನ್ನೆರಡು, ಪದವಿಯ ಮಕ್ಕಳನ್ನೇ ಗಮನದಲ್ಲಿಟ್ಟುಕೊಂಡು ಮಾಡಿದಂಥವು. ನಲವತ್ತರ ಹೊಸ್ತಿಲಲ್ಲಿ ಮತ್ತೆ ಕಾಲೇಜು ಮೆಟ್ಟಿಲು ಹತ್ತುವ ಶಿಕ್ಷಕಿಗೆ ಅದರಲ್ಲಿ ತುಂಬಲು ಕಲಮೇ ಇರುವುದಿಲ್ಲ. ಮುಂದಿನ ವರ್ಷದ ಅರ್ಜಿ ಅಚ್ಚಿಗೆ ಹೋಗುವ ಮೊದಲು ಆ ಒಂದು ಕಲಂ ಸೇರಿಸಬಹುದು.