ಪರೀಕ್ಷಾರ್ಥವಾದ ಕಲ್ಪಿತೋದಾಹರಣೆಗಳ ರಚನಾಕ್ರಮ

ಶಾಸ್ತ್ರಗ್ರಂಥಗಳಲ್ಲಿ ಉದಾಹರಣೆಗಳು ಎರಡು ಬಗೆಯಾಗಿ ಕಂಡುಬರುವುವು. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಪೂರ್ವಕವಿಗಳ ಪ್ರಯೋಗಗಳನ್ನೆತ್ತಿ ತೋರಿಸುವನು. ಪತಂಜಲಿಯಾದರೋ ಮಹಾಭಾಷ್ಯದಲ್ಲಿ ದೇವದತ್ತ, ಯಜ್ಞದತ್ತರೆಂಬ ಹೆಸರುಗಳನ್ನು ಮುಂದಿಟ್ಟುಕೊಂಡು ಸೂತ್ರಾರ್ಥವನ್ನು ವಿಚಾರಮಾಡುವನು. ಈಗ ಗ್ರಂಥಭಂಡಾರಗಳ ಸದಸ್ಯರ ಪಟ್ಟಿಗಳು ಗಣಕಯಂತ್ರವನ್ನು ಸೇರಿರುವುದರಿಂದ, ಅವುಗಳನ್ನು ನಿರ್ವಹಿಸುವ ಕ್ರಮವಿಧಿಯು ನಿರ್ದುಷ್ಟವೇ ಎಂದು ಪರೀಕ್ಷಿಸುವಾಗಲೂ ಉದಾಹರಣೆಗಳು ಬೇಕಾಗುವುವು. ನಿಜವಾದ ಸದಸ್ಯರ ಹೆಸರು, ವಿಳಾಸಗಳನ್ನು ಪರೀಕ್ಷಕರ ಕೈಗೆ ಕೊಡುವುದು ವಿಶ್ವಾಸಭಂಗವೆನಿಸುವುದು. ಆದುದರಿಂದ ಇಲ್ಲಿ ಕಲ್ಪಿತಪುರುಷರೇ ಯುಕ್ತರು. ಆದರೆ ಒಬ್ಬ ದೇವದತ್ತನು ಸಾಲನು, ಸಾವಿರಾರು ಮಂದಿ ಬೇಕು.

ಇಷ್ಟು ಮಂದಿಯನ್ನು ಒದಗಿಸುವುದಕ್ಕೆ ಆಜ್ಞಾಪಂಕ್ತಿಯ ಉಪಕರಣಗಳುಂಟು. ಕೀಲಿಮಣೆಯಿಂದ ಒಂದು ಪಂಕ್ತಿಯ ಆಜ್ಞೆಯನ್ನು ಬರೆದರೆ ಇವು ಕೆಲಸಮಾಡುವುವು. ಗ್ನೂ ಉಪಕರಣಸಮುಚ್ಚಯದಲ್ಲಿರುವ 'ಶಫ್' ಎಂಬುದು, ಪಂಕ್ತಿಗೊಂದರಂತೆ ಹೆಸರುಗಳನ್ನು ಬರೆದ ಕಡತದಿಂದ ಬೇಕಾದಷ್ಟನ್ನು ಯಾದೃಚ್ಛಿಕವಾಗಿ ಆರಿಸಿಕೊಡುವುದು. 'ಎನ್' ಎಂಬ ಸೂಚನೆಯಿಂದ ಸಂಖ್ಯೆಯನ್ನು ವಿಧಿಸಬಹುದು; 'ಆರ್' ಎಂಬುದರಿಂದ ಪುನರಾವೃತ್ತಿಗೆ ಅವಕಾಶವಾಗುವುದು. ಹೀಗೆ ಆರಿಸಿದ ಹೆಸರುಗಳನ್ನೂ ಊರುಗಳನ್ನೂ 'ಪೇಸ್ಟ್' ಎಂಬ ಇನ್ನೊಂದು ಆಜ್ಞೆಯು ಸಾಲುಸಾಲಾಗಿ ಜೋಡಿಸುವುದು.

ಆದರೆ ಯಾದೃಚ್ಛಿಕತೆಯೊಂದರಿಂದಲೇ ಸಹಜತೆ ಸಿದ್ಧಿಸದು. ಕನ್ನಡದ ಸಂಕೇತಗಳನ್ನು ಮನಬಂದಂತೆ ಆರಿಸಿ ಪೋಣಿಸಿದರೆ ಪದಾದಿಯಲ್ಲಿಯೇ ಗುಣಿತಚಿಹ್ನೆಯೋ ಅನುಸ್ವಾರವೋ ಬಂದು ನಿಲ್ಲುವುದು. ಊರನ್ನೂ ಅಂಚೆಯ ಸೂಚ್ಯಂಕವನ್ನೂ ಬೇರೆಬೇರೆಯಾಗಿ ಆರಿಸಿದರೆ ಧಾರವಾಡಕ್ಕೆ ಮೈಸೂರಿನ ೫೭೦೦೦೧ ಅಂಟಿಕೊಳ್ಳುವುದು. ಅನ್ಯೋನ್ಯ ಸಂಬಂಧವುಳ್ಳವನ್ನು ಒಂದೇ ಪಂಕ್ತಿಯಲ್ಲಿರಿಸಿ ಒಟ್ಟಿಗೆ ಆರಿಸುವುದೇ ಇದಕ್ಕೆ ಪರಿಹಾರ. ಲೋಕದಲ್ಲಿ ಕೆಲವು ಹೆಸರುಗಳು ಬಹುಳ, ಕೆಲವು ವಿರಳ; ಬಹುಳವಾದವನ್ನು ಕಡತದಲ್ಲಿ ಹಲವು ಸಲ ಬರೆದರೆ ಆ ತಾರತಮ್ಯವೂ ಫಲದಲ್ಲಿ ತೋರುವುದು.

ಅಕ್ಷರವಿಚಾರವಂತೂ ಅತ್ಯಂತ ಮುಖ್ಯವಾದುದು. ಯೂನಿಕೋಡಿನ ಯುಟಿಎಫ್-೮ ಎಂಬ ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ೩ ಬೈಟುಗಳು ಬೇಕು. 'ರಾಮ' ಎಂಬಲ್ಲಿ ಸಂಕೇತಗಳು ೩, ಬೈಟುಗಳು ೯. 'ಲಕ್ಷ್ಮಿ' ಎಂಬಲ್ಲಿ ನಮ್ಮ ಎಣಿಕೆಗೆ ಅಕ್ಷರಗಳು ೨ ಆದರೂ ಲಕಾರ, ಕಕಾರ, ಷಕಾರ, ಮಕಾರ, ಎರಡು ವಿರಾಮಚಿಹ್ನೆ, ಒಂದು ಗುಣಿತಚಿಹ್ನೆ ಎಂದು ಸಂಕೇತಗಳು ೭, ಬೈಟುಗಳು ೨೧. ಹೆಸರಿಗೆಂದು ೨೦ ಬೈಟುಗಳ ಸ್ಥಳವನ್ನು ಮಾತ್ರ ಬಿಟ್ಟಿದ್ದ ಪಕ್ಷದಲ್ಲಿ ರಾಮನು ಸುಖವಾಗಿ ಸೇರುವನು. ಲಕ್ಷ್ಮಿಯ ಕೊನೆಯ ಇಕಾರವು ಭಗ್ನವಾಗುವುದು. ರಾಮ, ಕಮಲ ಎಂಬ ಸುಲಭನಾಮಗಳಿಂದಲೇ ಪರೀಕ್ಷಿಸಿದವರಿಗೆ ಈ ದೋಷವು ಗೋಚರಿಸದು.

ದೋಷವು ಕಂಡ ಬಳಿಕ ಅದನ್ನು ತಿದ್ದಿ ಅದೇ ಉದಾಹರಣೆಯಿಂದ ಮರಳಿ ಪರೀಕ್ಷಿಸಬೇಕಷ್ಟೆ. ಯದೃಚ್ಛೆಯಿಂದ ಬಂದುದು ಮತ್ತೆ ಬರುವುದು ಹೇಗೆ? 'ಶಫ್' ಉಪಕರಣಕ್ಕೆ ಯಾದೃಚ್ಛಿಕತೆಯ ಮೂಲವಾಗಿ ಸಾಕಷ್ಟು ದೊಡ್ಡದಾದ ನಿಯತ ಕಡತವೊಂದನ್ನು ತೋರಿಸಿಕೊಟ್ಟರೆ, ಅದೇ ಪಟ್ಟಿಯಿಂದ ಅದೇ ಆಯ್ಕೆಯು ಅದೇ ಕ್ರಮದಲ್ಲಿ ಪುನಃ ಬರುವುದು. ಪೈಥಾನ್ ಭಾಷೆಯ 'ಫೇಕರ್' ಎಂಬ ಉಪಕರಣವು ಹೆಸರು, ವಿಳಾಸಗಳನ್ನು ತಾನೇ ಕಲ್ಪಿಸಿಕೊಡುವುದು. ಅದಕ್ಕೆ 'ಸೀಡ್', ಎಂದರೆ ಬೀಜ, ಎಂಬ ಸಂಖ್ಯೆಯನ್ನು ಕೊಡುವುದುಂಟು. ಬೀಜವೊಂದೇ ಆದರೆ ಫಲವೂ ಒಂದೇ.

ಇದರಿಂದ ಫಲಿತವಾಗುವ ಅರ್ಥವಿಷ್ಟು: 'ಶಫ್' ಆರಿಸಬಲ್ಲುದೇ ಹೊರತು ಕನ್ನಡವನ್ನರಿಯದು. ಒತ್ತಕ್ಷರಗಳುಳ್ಳ ಹೆಸರುಗಳು, ಒಂದೇ ಪದದ ಹೆಸರುಗಳು, ಊರಿನ ಹೆಸರನ್ನು ಮುಂದಿಟ್ಟುಕೊಂಡವು, ಮನೆತನದ ಹೆಸರನ್ನು ಕೊನೆಯಲ್ಲಿಟ್ಟುಕೊಂಡವು—ಇವೆಲ್ಲ ಮೂಲದ ಪಟ್ಟಿಯಲ್ಲಿ ಇಲ್ಲದಿದ್ದರೆ ಲಕ್ಷಸಲ ಆರಿಸಿದರೂ ಬಾರವು. ಆ ಪಟ್ಟಿಯನ್ನು ಸಿದ್ಧಗೊಳಿಸುವುದು ಯಂತ್ರಜ್ಞರ ಕೆಲಸವೆಂದು ಭಾಷಾಪಂಡಿತರು ಉದಾಸೀನರಾಗಿರುವುದು ತರವಲ್ಲ. ಲಕ್ಷ್ಯವನ್ನು ಬಲ್ಲವರೇ ಲಕ್ಷಣವನ್ನು ಪರೀಕ್ಷಿಸಲು ಸಮರ್ಥರು.